ಅನಭಿಜ್ಞ ಪುರಾಣ

ಪಟ್ಟಂದೂರು ಅಗ್ರಹಾರದ ನಮ್ಮ ಮನೆತನದಲ್ಲಿ ಬಿ.ಎ. ಓದಿದ ಮೊದಲ ಸೊಸೆ ನಾನು. ಹೆಸರು ಮಾತ್ರ ಎದುರು ಮನೆಯ ಓರಗಿತ್ತಿಗೇ ಹೋಗುತ್ತದೆ. ಆಕೆ ಓದಿದ್ದು ಏಳನೇ ಕ್ಲಾಸು. ಇಂಥದ್ದು ನಡೆದಾಗಲೆಲ್ಲ ಅಂದೇ ಡೈರಿಯಲ್ಲಿ ಬರೆದಿಡುತ್ತೇನೆ. ಆದ್ದರಿಂದ ಒಂದಕ್ಷರವೂ ಸುಳ್ಳಲ್ಲ.

೧. ಪಾಠ

ನಮ್ಮ ಮಹಡಿಗೆ ಬಾಡಿಗೆಗೆ ಬಂದ ಒಡಿಶಾದ ಎಂಜಿನಿಯರ್, "ಆಂಟಿ, ‘ಐ ಡೋಂಟ್ ನೋ’ಗೆ ಕನ್ನಡದಲ್ಲಿ ಏನಂತಾರೆ?" ಎಂದ.

"‘ನಾನು ಅನಭಿಜ್ಞ’ ಅನ್ನಪ್ಪ" ಎಂದು ಬಿಡಿಸಿ ಹೇಳಿದೆ. ‘ಜ್ಞಾ’ ಎಂದರೆ ತಿಳಿಯುವುದು, ಸಂಸ್ಕೃತದ ಧಾತು. ‘ಅಭಿ’ ಸೇರಿದರೆ ಅಭಿಜ್ಞ, ಚೆನ್ನಾಗಿ ಬಲ್ಲವನು. ಅದರ ಮೊದಲಿಗೆ ‘ಅನ್’ ಬಂದರೆ ಏನೂ ತಿಳಿಯದವನು. ಅವನ ಕಾಫಿ ಆರಿತು.

ಸಂಜೆ ನೋಡಿದರೆ ಓರಗಿತ್ತಿಯ ಜಗಲಿಯಲ್ಲಿ ಕೂತಿದ್ದಾನೆ. "ಗೊತ್ತಿಲ್ಲ ಅನ್ನಪ್ಪ, ಸಾಕು" ಎಂದು ಅವಳು ಒಬ್ಬಟ್ಟು ಕೊಡುತ್ತಿದ್ದಾಳೆ.

ಮರುದಿನ ಹಿಡಿದು ನಿಲ್ಲಿಸಿದೆ. "ಅನಭಿಜ್ಞ ಅಂದ್ರೇನು, ಹೇಳು?"

"ಗೊತ್ತಿಲ್ಲ ಆಂಟಿ!"

ಎಷ್ಟು ಸ್ಪಷ್ಟವಾದ ಕನ್ನಡ!

೨. ದಾರಿ

ದಾರಿ ಕೇಳಿದವರಿಗೆ ಗೊತ್ತಿಲ್ಲ ಎನ್ನುವುದು ನಮ್ಮ ಕಡೆ ಮರ್ಯಾದೆಯಲ್ಲ. ಒಬ್ಬ ಕ್ಯಾಬ್ ಡ್ರೈವರ್ ಯಾವುದೋ ಹೊಸ ಟೆಕ್ ಪಾರ್ಕ್ ಕೇಳಿದ.

"ನಂಗೊತ್ತಿಲ್ಲಪ್ಪ. ನಮ್ಮಕ್ಕನ್ನ ಕೇಳು, ಓದವ್ರೆ" ಎಂದಳು ಓರಗಿತ್ತಿ.

ಕೊನೆಗೂ ನನಗೆ ನ್ಯಾಯ ಸಿಕ್ಕಿತು! ನಾನೂ ಆ ಕಟ್ಟಡ ಕಂಡವಳಲ್ಲ. ಆದರೂ ಕೈಯೆತ್ತಿ, "ನೇರ ಹೋಗಿ ಎಡಕ್ಕೆ ತಿರುಗಿ" ಎಂದೆ. ಸ್ವಲ್ಪ ಹೊತ್ತಿಗೆ ಕ್ಯಾಬ್ ವಾಪಸ್ಸು ಬಂತು, ಬಾಗಿಲವರೆಗೆ ಕೆರೆಯ ಕೆಸರು. ಡ್ರೈವರ್ ನನ್ನನ್ನು ದಾಟಿ ಅವಳ ಹತ್ತಿರ ಹೋಗಿ ಕೈಮುಗಿದ. "ಅಕ್ಕಾ, ನೀವು ಗೊತ್ತಿಲ್ಲ ಅಂದಿದ್ದೇ ಕರೆಕ್ಟಾಗಿತ್ತು."

೩. ಶಾಲು

ಬೀದಿಯ ರಾಜ್ಯೋತ್ಸವಕ್ಕೆ ಭಾಷಣ ನನ್ನದು. ಇದ್ದದ್ದು ಒಂದೇ ಶಾಲು, ಅದೂ ನನಗೇ ಎಂದು ಕಾರ್ಯದರ್ಶಿ ಕಿವಿಯಲ್ಲಿ ಹೇಳಿದ್ದ. ಅದಕ್ಕೆ ಒಪ್ಪುವ ಸೀರೆ ಉಟ್ಟು ಬಂದಿದ್ದೆ. ವೇದಿಕೆಯಿಂದ ನೋಡಿದರೆ ಮುಂದಿನ ಸಾಲಿನಲ್ಲಿ ಓರಗಿತ್ತಿ. ಅವಳ ಸುತ್ತ ನಗುತ್ತ ಕೂತವರೆಲ್ಲ ನನ್ನ ಬಾಡಿಗೆದಾರರು! ಹೊಟ್ಟೆ ಉರಿದುಹೋಯಿತು. ಇವಳು ಎಂಥವಳೆಂದು ಊರಿಗೇ ಗೊತ್ತಾಗಲಿ ಎಂದು ದನಿ ಏರಿಸಿದೆ.

"ಅನಭಿಜ್ಞತೆಯನ್ನು ಕಣ್ಣಾರೆ ಕಾಣಬೇಕೆ? ನನ್ನ ಓರಗಿತ್ತಿಯನ್ನು ನೋಡಿ. ಇಂಥ ಅನಭಿಜ್ಞೆ ಈ ಊರಿನಲ್ಲಿ ಇನ್ನೊಬ್ಬಳಿಲ್ಲ!"

ನಮ್ಮ ವೇದಿಕೆಗಳ ಪದ್ಧತಿ ಗೊತ್ತಲ್ಲ. ಮೈಕಿನಲ್ಲಿ ಯಾರಿಗಾದರೂ ಒಂದು ತೂಕದ ಪದ ಅಂದರೆ ಸಾಕು, ಅವರಿಗೆ ಸನ್ಮಾನ ಆಗಲೇಬೇಕು. ನಾನು ಅರ್ಥ ಬಿಡಿಸುವ ಮೊದಲೇ ಚಪ್ಪಾಳೆ ಬಿತ್ತು. ಕಾರ್ಯದರ್ಶಿ ಅವಳನ್ನು ಮೇಲೆ ಕರೆತಂದು, ಶಾಲು ಬಿಡಿಸಿ ನನ್ನ ಕೈಗೇ ಇಟ್ಟ. "ಮೇಡಂ, ನೀವೇ ಹೊದಿಸಿಬಿಡಿ."

ಹೊದಿಸಿದೆ. ಫೋಟೋದವನು "ಅಮ್ಮಾ, ಸ್ವಲ್ಪ ನಗಿ" ಎಂದ. ನಕ್ಕೆ.

ಓರಗಿತ್ತಿ ಕಣ್ಣೊರೆಸಿಕೊಂಡು ಮೈಕು ಹಿಡಿದಳು. "ನಂದೇನೈತೆ ಸಾಮಿ? ಅಕ್ಕ ಈಗಂದ್ರಲ್ಲ, ಅದೆಲ್ಲಾನೂ ಮದ್ವೆಯಾದಾಗಿಂದ ಅವ್ರನ್ನ ನೋಡ್ಕೊಂಡೇ ಕಲ್ತಿದ್ದು!"