ಒಂದು ಚೊಂಬು ನೀರಿನ ಪರೀಕ್ಷೆ

ನಮ್ಮ ಭಾವ ರಸ್ತೆಯ ಹಂಪುಗಳಿಗೆ ಮಾರ್ಕ್ಸ್ ಕೊಡುತ್ತಾರೆ. ರಾಜಾಜಿನಗರದ ಅವರ ಮನೆಯಿಂದ ಕೆಂಗೇರಿಯ ನಮ್ಮ ಮನೆಗೆ ಬರುವಷ್ಟರಲ್ಲಿ ಐವತ್ತಮೂರು ಹಂಪು ಸಿಗುತ್ತವೆ. ಅದರಲ್ಲಿ ಪಾಸಾಗಿರುವುದು ನಾಲ್ಕೇ ನಾಲ್ಕು. ಗುಂಡಿಗಳ ಪಟ್ಟಿ ಬೇರೆ ಇದೆ. ಅವಕ್ಕೆ ಮಾರ್ಕ್ಸ್ ಇಲ್ಲ, ಬರೀ ಗೈರುಹಾಜರಿ. ಯಾಕೆ ಅಂತ ಕೇಳಿದ್ದಕ್ಕೆ, "ಅಲ್ಲಿ ರಸ್ತೆನೇ ಬಂದಿಲ್ವಲ್ಲಯ್ಯ ಪರೀಕ್ಷೆಗೆ" ಅಂದರು.

ಭಾವ ಅಂದರೆ ನಮ್ಮಕ್ಕನ ಗಂಡ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ರಿಟೈರ್ ಆದವರು. ರಿಟೈರ್ ಆದದ್ದು ಸ್ಕೂಲಿಗೆ ಗೊತ್ತಾಗಿದೆ, ಅವರ ಕೆಂಪು ಪೆನ್ನಿಗೆ ಇನ್ನೂ ಗೊತ್ತಾಗಿಲ್ಲ. ಅಕ್ಕನ ಉಪ್ಪಿಟ್ಟಿಗೆ ಎಪ್ಪತ್ತೆರಡು. ಎದುರುಮನೆಯವರ ಹೊಸ ಗೇಟಿಗೆ ನಲವತ್ತು, ಕಿರುಚುತ್ತದೆ ಅಂತ. ನಮ್ಮ ಮನೆಯ ಬೋರ್‌ವೆಲ್ ನೀರಿಗೆ ಹನ್ನೆರಡು. ಹನ್ನೆರಡು ಕೊಟ್ಟ ದಿನದಿಂದ ನಮ್ಮ ಮನೆಗೆ ಬಂದಾಗೆಲ್ಲ ತಮ್ಮ ಮನೆಯ ಕಾವೇರಿ ನೀರನ್ನು ಬಾಟಲಿಯಲ್ಲಿ ತರುತ್ತಾರೆ. "ನಿಮ್ಮದು ಉಪ್ಪು ಕಣಯ್ಯ. ಕಣ್ಣಿಗೆ ಬಟ್ಟೆ ಕಟ್ಟಿ ಕುಡಿಸಿದ್ರೂ ನಿಮ್ಮನೆ ನೀರು ಅಂತ ಹೇಳ್ತೀನಿ."

ನನಗೆ ಎಷ್ಟು ಕೊಟ್ಟಿದ್ದಾರೆ ಅಂತ ಕೇಳಬೇಡಿ, ನಾನೂ ಕೇಳಿಲ್ಲ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಲೆಕ್ಕದ ಪರೀಕ್ಷೆಯಲ್ಲಿ ಹಿಂದಿನ ಬೆಂಚಿನವನು ನನ್ನದನ್ನು ನೋಡಿ ಬರೆದ. ಕಾಪಿ ಹೊಡೆದೆ ಅಂತ ಮೇಷ್ಟ್ರು ಆಚೆ ನಿಲ್ಲಿಸಿದ್ದು ನನ್ನನ್ನು. ಆಚೆ ನಿಂತವನು ಮತ್ತೆ ಒಳಗೆ ಕಾಲಿಡಲಿಲ್ಲ. ಅಪ್ಪ ಹೊಡೆದರು, ಅಮ್ಮ ಅತ್ತಳು, ಅಕ್ಕ ಕೈ ಹಿಡಿದು ಸ್ಕೂಲ್ ಗೇಟಿನವರೆಗೂ ಎಳೆದುಕೊಂಡು ಹೋದಳು. ಹೋಗಲ್ಲ ಅಂದರೆ ಹೋಗಲ್ಲ. ಇವತ್ತು ಸುಂಕದಕಟ್ಟೆಯಲ್ಲಿ ನನ್ನದೇ ಲೇತ್ ಅಂಗಡಿ ಇದೆ. ಒಂದು ಕೂದಲಿನಷ್ಟು ಹೆಚ್ಚುಕಮ್ಮಿಯಾದರೂ ನನ್ನ ಬೆರಳಿಗೆ ಗೊತ್ತಾಗುತ್ತದೆ. ಗೋಡೆ ಮೇಲೆ ತೂಗುಹಾಕೋಕೆ ಸರ್ಟಿಫಿಕೇಟ್ ಇಲ್ಲ, ಅದಕ್ಕೇ ಆ ಜಾಗದಲ್ಲಿ ಗಡಿಯಾರ ಹಾಕಿದ್ದೇನೆ. ಅದು ಕೆಲಸಕ್ಕಾದರೂ ಬರುತ್ತದೆ.

ವಿಷಯಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ಅಕ್ಕನ ಸೊಂಟದ ಡಿಸ್ಕ್ ಜಾರಿತು. ಡಾಕ್ಟರು ಓಡಾಡಿ ಅಂದರು, ಕಾರಲ್ಲೂ ಹೋಗಿ ಅಂದರು, ಆದರೆ ಗಾಡಿ ಎತ್ತಿಹಾಕಬಾರದು ಅಂದರು. ಬೆಂಗಳೂರಲ್ಲಿ ಎತ್ತಿಹಾಕದ ಗಾಡಿ ಯಾವುದು, ಅದನ್ನು ಮಾತ್ರ ಚೀಟಿಯಲ್ಲಿ ಬರೆಯಲಿಲ್ಲ. ಒಮ್ಮೆ ಕ್ಯಾಬಿನಲ್ಲಿ ಹೊರಟಳು. ಆ ಡ್ರೈವರ್ ಮೊದಲನೇ ಹಂಪನ್ನು ಹಾರಿಸಿದ ರೀತಿಗೆ ಅಕ್ಕ ವಿಜಯನಗರದಲ್ಲೇ ಇಳಿದು, ಅಂಗಡಿ ಮುಂದಿನ ಸ್ಟೂಲಿನ ಮೇಲೆ ಒಂದು ಗಂಟೆ ಕೂತಿದ್ದಳು. ಮೆಟ್ರೋ ಅಂದರೆ ಮೆಜೆಸ್ಟಿಕ್‌ನಲ್ಲಿ ಇಳಿದು ಆ ನೂಕುನುಗ್ಗಲಲ್ಲಿ ಇನ್ನೊಂದು ರೈಲು ಹಿಡಿಯಬೇಕು. ಭಾವನ ಹಳೇ ಕಾರಿನ ಕಥೆ ಹೇಳೋದೇ ಬೇಡ. ಇಪ್ಪತ್ತೆರಡು ವರ್ಷದ ಗಾಡಿ. ಮುಂದಿನ ಚಕ್ರ ಒಂದು ಕಲ್ಲು ಹತ್ತಿದರೂ ಕೂತವರ ಹಲ್ಲು ಹಲ್ಲಿಗೆ ತಾಗುತ್ತಿತ್ತು.

ಹೀಗಾಗಿ ಎರಡು ಗೌರಿ ಹಬ್ಬ ಅಕ್ಕ ಬರಲಿಲ್ಲ. ಅಮ್ಮ ಹೋದ ಮೇಲೆ ಅವಳ ತವರು ಅಂದರೆ ನಮ್ಮ ಮನೆಯೇ. ಮೊರದ ಬಾಗಿನ ತಗೊಂಡು ನಾನೇ ರಾಜಾಜಿನಗರಕ್ಕೆ ಹೋಗಿ ಕೊಟ್ಟು ಬಂದೆ.

ಈ ಸಲ ಹಬ್ಬಕ್ಕೆ ತಿಂಗಳಿದೆ ಅನ್ನುವಾಗ ಭಾವ ಘೋಷಣೆ ಮಾಡಿದರು. "ಅವಳನ್ನ ಕೆಂಗೇರಿಗೆ ನಾನೇ ಕರ್ಕೊಂಡು ಬರ್ತೀನಿ. ನನ್ನ ಕಾರಲ್ಲೇ."

ಮೊದಲು ಪರೀಕ್ಷೆ ನಡೆಯಿತು. ಒಂದು ಹಿತ್ತಾಳೆ ಚೊಂಬಿನ ಒಳಗೆ ಬುಡದಿಂದ ಬಾಯಿಯವರೆಗೆ ಸೊನ್ನೆಯಿಂದ ನೂರರವರೆಗೂ ಗೆರೆ ಕೆತ್ತಿದರು. ಅಂಚಿನ ತನಕ ನೀರು ತುಂಬಿ, ಬೇಸಿನ್ನಿನೊಳಗೆ ಕೂರಿಸಿ, ಎಡಗಡೆ ಮುಂದಿನ ಸೀಟಿನಲ್ಲಿಟ್ಟು, ಕೆಂಗೇರಿಗೆ ಬಂದರು. ದಾರಿಯಲ್ಲಿ ಚೆಲ್ಲಿ ಉಳಿದ ನೀರು ಎಷ್ಟೋ ಗಾಡಿಗೆ ಅಷ್ಟು ಮಾರ್ಕ್ಸ್. ನಮ್ಮ ಗೇಟಿನ ಮುಂದೆ ಬಗ್ಗಿ ನೋಡಿದರು. ಮೂವತ್ತೊಂದು.

"ಫೇಲ್," ಅಂದರು. "ತೊಂಬತ್ತು ಬರೋ ತನಕ ಇದರಲ್ಲಿ ಅವಳನ್ನ ಕೂರಿಸಲ್ಲ."

ಗ್ಯಾರೇಜಿನವನು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಸಾರ್, ಸ್ಕ್ರ್ಯಾಪಿಗೆ ಹಾಕಿ ಹೊಸದು ತಗೊಳಿ" ಅಂದ. ಮೂವತ್ತನಾಲ್ಕು ವರ್ಷದಲ್ಲಿ ಭಾವ ಎಷ್ಟೋ ದಡ್ಡರನ್ನು ದಡ ಸೇರಿಸಿದ್ದಾರೆ. ಅವರ ಮುಂದೆ ಈ ಮಾತು ಆಡಬಾರದಿತ್ತು. "ಫೇಲಾದವನಿಗೆ ಪಾಠ ಹೇಳ್ಕೊಡ್ತಾರೆ ಕಣಯ್ಯ, ಸ್ಕ್ರ್ಯಾಪಿಗೆ ಹಾಕಲ್ಲ," ಅಂತ ಅವನಿಗೇ ಪಾಠ ಹೇಳಿ, ಜೆ.ಸಿ. ರೋಡಿಗೆ ಹೋಗಿ ಸಾಮಾನು ತಂದರು. ಮುಂದಿನ ಎರಡು ಶಾಕ್ ಅಬ್ಸಾರ್ಬರ್, ಎರಡು ಬಾಲ್ ಜಾಯಿಂಟ್, ಚಕ್ರದ ತೋಳಿನ ಸಂದಿಗೆ ಕೂರುವ ನಾಲ್ಕು ರಬ್ಬರ್ ಬುಷ್. ಆಮೇಲೆ ನನಗೆ ಫೋನು. "ಭಾನುವಾರ ಬಾ. ಸಹಾಯಕ್ಕಲ್ಲ, ನೋಡೋಕೆ."

ಹೋದೆ. ಕಾಂಪೌಂಡ್ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಕಾರಿನ ಮುಂಭಾಗ ಬರೆದು, ಕೆಳಗೆ 'ಚಿತ್ರ ಒಂದು' ಅಂತ ಬೇರೆ ಹಾಕಿದ್ದರು. ಬೀದಿಯವರೆಲ್ಲ ಹಾಲಿಗೆ ಹೋಗುವಾಗ ಒಂದು ಸಲ, ಪೇಪರಿಗೆ ಹೋಗುವಾಗ ಒಂದು ಸಲ ನಿಂತು ನೋಡಿ ಸಲಹೆ ಕೊಟ್ಟರು. ಇಷ್ಟಾಗಿ ಮೊದಲನೇ ಬೋಲ್ಟೇ ಬರಲಿಲ್ಲ. ಇಪ್ಪತ್ತೆರಡು ವರ್ಷದ ತುಕ್ಕು. ಭಾವ ಪಾನಾ ಹಿಡಿದು ನೇತಾಡಿದರು. ಆಮೇಲೆ ಗೋಡೆಗೆ ಹೋಗಿ ಬಲ ಎಷ್ಟು, ದೂರ ಎಷ್ಟು ಅಂತ ಗುಣಿಸತೊಡಗಿದರು. ಅವರು ಗುಣಿಸಿ ಮುಗಿಸುವಷ್ಟರಲ್ಲಿ ನಾನು ಪಾನಾದ ಹಿಡಿಗೆ ಒಂದೂವರೆ ಅಡಿ ಪೈಪ್ ಸಿಗಿಸಿ ಒತ್ತಿದೆ. ಟಕ್ ಅಂತ ಬಿಟ್ಟುಕೊಂಡಿತು.

"ಎಷ್ಟಯ್ಯ ಪೈಪಿನ ಉದ್ದ?"

"ಸಿಕ್ಕಿದಷ್ಟು."

"ಹದಿನೆಂಟು ಇಂಚು," ಅಂದರು, ಅಳೆದು. "ನನ್ನ ಉತ್ತರಾನೂ ಅದೇ."

ಸ್ಪ್ರಿಂಗ್ ಬಿಚ್ಚುವಾಗ ಮಾತ್ರ ನಾನು ದನಿ ಏರಿಸಿದೆ. ಶಾಕ್ ಅಬ್ಸಾರ್ಬರ್ ಸುತ್ತ ಇರುವ ಸ್ಪ್ರಿಂಗನ್ನು ಅದುಮಿ ಹಿಡಿದೇ ಬಿಚ್ಚಬೇಕು. ಭಾವ ಬಟ್ಟೆ ಒಣಗಿಸುವ ಹಗ್ಗ ಹಿಡಿದು ನಿಂತಿದ್ದರು. "ಭಾವ, ಅದು ಬಿಟ್ಕೊಂಡ್ರೆ ನಿಮ್ಮ ಲೆಕ್ಕ ಕೇಳಲ್ಲ, ತಲೆ ಕೇಳುತ್ತೆ," ಅಂದೆ. ಬೆಳಿಗ್ಗೆಯಿಂದ ಮೊದಲ ಸಲ ಒಂದು ಹೆಜ್ಜೆ ಹಿಂದೆ ಹೋದರು. ನಾನೇ ಲೇತಿನಲ್ಲಿ ಮಾಡಿದ ಸ್ಕ್ರೂ ಕ್ಲಾಂಪ್ ಹಾಕಿ ಬಿಗಿದು ಬಿಚ್ಚಿಕೊಟ್ಟೆ. ಬುಷ್ ಕೂತಿದ್ದ ತೋಳುಗಳನ್ನು ಅಂಗಡಿಗೆ ಒಯ್ದು, ಹಳೇದನ್ನು ತೆಗೆದು ಹೊಸದನ್ನು ಒತ್ತಿ ಕೂರಿಸಿ ತಂದುಕೊಟ್ಟೆ. ಮುಂದಿನ ಭಾನುವಾರ ಇಬ್ಬರೂ ಸೇರಿ ಜೋಡಿಸೋಣ ಅಂತ ಮಾತಾಯಿತು.

ಭಾವ ಭಾನುವಾರದ ತನಕ ಕಾಯುವ ಪೈಕಿಯೇ? ನಾನು ಹೋಗುವಷ್ಟರಲ್ಲಿ ಎಲ್ಲ ಜೋಡಿಸಿ, ಬಿಗಿದು, ಕೈತೊಳೆದು, ಕಾಫಿ ಕುಡಿಯುತ್ತಾ ಕೂತಿದ್ದರು. ಗಾಡಿ ಇನ್ನೂ ಸ್ಟ್ಯಾಂಡಿನ ಮೇಲೆ, ಚಕ್ರಗಳು ಗಾಳಿಯಲ್ಲಿ ನೇತಾಡುತ್ತಿದ್ದವು.

"ಬುಷ್ ಬೋಲ್ಟು ಹೀಗೇ ಬಿಗಿದ್ರಾ ಭಾವ? ನೇತಾಡ್ತಾ ಇರೋವಾಗಲೇ?"

"ಮತ್ತೆ? ಪುಸ್ತಕದಲ್ಲಿ ಹೇಳಿರೋಷ್ಟೇ ಬಿಗಿ. ಒಂದು ಚೂರು ಹೆಚ್ಚಿಲ್ಲ, ಒಂದು ಚೂರು ಕಮ್ಮಿ ಇಲ್ಲ."

"ತಪ್ಪಾಯ್ತು."

ಈ ಪದವನ್ನು ಅವರು ಲಕ್ಷ ಸಲ ಬರೆದಿರಬಹುದು. ಕೇಳಿಸಿಕೊಂಡಿದ್ದು ಬಹುಶಃ ಅದೇ ಮೊದಲು. ಕಾಫಿ ಲೋಟ ಕೆಳಗಿಟ್ಟರು. "ಸಾಧಿಸಿ ತೋರಿಸು."

ನನಗೆ ಸಾಧಿಸೋಕೆ ಬರಲ್ಲ. "ಭಾವ, ಹಸಿದ ಹೊಟ್ಟೇಲಿ ನಿಂತ್ಕೊಂಡು ಬೆಲ್ಟ್ ಬಿಗಿದು, ಆಮೇಲೆ ಮದುವೆ ಊಟಕ್ಕೆ ನೆಲದ ಮೇಲೆ ಕೂತ್ರೆ ಏನಾಗುತ್ತೆ?"

"ಬೆಲ್ಟ್ ಕಿತ್ತು ಬರುತ್ತೆ."

"ರಬ್ಬರೂ ಅಷ್ಟೇ. ಗಾಡಿ ನೆಲಕ್ಕೆ ಕೂತು, ದಿನಾ ಹೊರೋ ಭಾರ ಹೊತ್ತಿರೋವಾಗ ಬಿಗೀಬೇಕು. ಇಲ್ಲಾಂದ್ರೆ ಭಾರ ಬಿದ್ದಾಗೆಲ್ಲ ತಿರುಚಿಕೊಂಡು, ಮೂರೇ ತಿಂಗಳಿಗೆ ಹರಿಯುತ್ತೆ."

ಭಾವ ಗೋಡೆಯ ಚಿತ್ರ ನೋಡಿದರು, ಗಾಡಿ ನೋಡಿದರು, ತಮ್ಮ ಬೆಲ್ಟ್ ನೋಡಿಕೊಂಡರು. ಆಮೇಲೆ ನೋಟ್‌ಬುಕ್ಕಿನಲ್ಲಿ ಏನೋ ಬರೆದರು.

"ಏನು ಬರೆದ್ರಿ?"

"ನಿನಗೆ ಬೇಡದ್ದು."

ಬೋಲ್ಟುಗಳನ್ನೆಲ್ಲ ಸಡಿಲ ಮಾಡಿ, ಚಕ್ರಗಳ ಕೆಳಗೆ ಕಲ್ಲು ಚಪ್ಪಡಿ ಕೊಟ್ಟು, ಗಾಡಿಯನ್ನು ಅವುಗಳ ಮೇಲೆ ಕೂರಿಸಿದೆವು. ಈಗ ಒಳಗೆ ಭಾರ ಬೇಕು. ಎಡಗಡೆ ಸೀಟಿಗೆ ಅಕ್ಕನನ್ನೇ ಕರೆದರು. ನಿಂತ ಗಾಡಿಯಲ್ಲಿ ಕೂರೋಕೆ ಡಾಕ್ಟರ ಅಡ್ಡಿ ಇಲ್ಲವಲ್ಲ. ಸ್ಟೇರಿಂಗ್ ಮುಂದೆ ಅವರ ಬದಲು ನಾನು. ಮೂವತ್ತು ವರ್ಷ ಕಬ್ಬಿಣದ ಜೊತೆ ಗುದ್ದಾಡಿದ ನನ್ನನ್ನು ಮೂಟೆ ಹಾಗೆ ಕೂರಿಸಿ, ಮೇಷ್ಟ್ರು ಪಾನಾ ಹಿಡಿದು ಕೆಳಗೆ ನುಸುಳಿದರು.

ಅಕ್ಕ ಮಡಿಲಲ್ಲಿ ಮೆಂತ್ಯ ಸೊಪ್ಪಿನ ಕಟ್ಟು ಇಟ್ಟುಕೊಂಡು ಬಿಡಿಸತೊಡಗಿದಳು.

"ಅಲ್ಲಾಡಬೇಡಿ," ಅಂತ ನೆಲದಡಿಯಿಂದ ಅಪ್ಪಣೆ ಬಂತು.

"ಉಸಿರಾಡಬಹುದೇನ್ರೀ?"

"ಸಣ್ಣಗೆ ಆಡು."

ನಾನು ನಕ್ಕೆ. ಅಕ್ಕನೂ ನಗೋಕೆ ಹೋಗಿ ಸೊಂಟ ಹಿಡಿದುಕೊಂಡಳು. "ನಗಿಸಬೇಡ ಕಣೋ, ಹಿಡ್ಕೊಳುತ್ತೆ." ಸ್ವಲ್ಪ ಹೊತ್ತು ಸೊಪ್ಪು ಬಿಡಿಸಿದಳು. ಆಮೇಲೆ ಎದುರಿನ ಗಾಜು ನೋಡುತ್ತಾ, "ಎರಡು ವರ್ಷ ಬಾಗಿನ ಬಂತು ಕಣೋ. ತವರು ಬರಲಿಲ್ಲ," ಅಂದಳು.

ಅವಳ ಕಡೆ ತಿರುಗಿದೆ.

"ಯಾರೋ ಎಡಕ್ಕೆ ವಾಲಿದ್ರಿ," ಅಂದಿತು ಕೆಳಗಿನ ದನಿ.

ಎರಡನೇ ಪರೀಕ್ಷೆಗೆ ಚೊಂಬಿನ ಜೊತೆ ಅಕ್ಕನ ತೂಕದ ರಾಗಿ ಮೂಟೆಯೂ ಬೇಕು ಅಂದರು. ತೂಕ ಕೇಳಿದ್ದಕ್ಕೆ ಅಕ್ಕ ಐವತ್ತೆಂಟು ಅಂದಳು. ಭಾವ ಗೌರವದಿಂದ ಐವತ್ತೆಂಟು ಅಂತಲೇ ಬರೆದುಕೊಂಡು, ಅಂಗಡಿಗೆ ಹೋಗಿ ಅರವತ್ತನಾಲ್ಕು ಕೆಜಿ ತೂಗಿಸಿದರು. ಮೂಟೆಯನ್ನು ಕೂರಿಸಿ, ಸೀಟ್ ಬೆಲ್ಟ್ ಹಾಕಿ, ಅದರ ಕಾಲ ಹತ್ತಿರ ಬೇಸಿನ್ನಿನಲ್ಲಿ ಚೊಂಬು ಇಟ್ಟು ಹೊರಟರು. ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸಪ್ಪ ಒಳಗೆ ಬಗ್ಗಿ ನೋಡಿದನಂತೆ. "ಏನ್ ಸಾರ್ ಇದು?" "ನಮ್ಮ ಮನೆಯವರು," ಅಂದರಂತೆ ಭಾವ.

ನಮ್ಮ ಗೇಟಿನ ಮುಂದೆ ಅಳೆದಾಗ ಎಪ್ಪತ್ತೆಂಟು.

ನಾನು ಚಪ್ಪಾಳೆ ತಟ್ಟಿದೆ. ಮೂವತ್ತೊಂದರಿಂದ ಎಪ್ಪತ್ತೆಂಟು, ಅದೂ ಮನೆ ಮುಂದೆ ಮಾಡಿದ ಕೆಲಸ. ಯಾವ ಗ್ಯಾರೇಜಿನವನು ಬೇಕಾದರೂ ಬರಲಿ ನನ್ನ ಮುಂದೆ. ಗಾಡಿದು ಇನ್ನೇನೂ ತಪ್ಪಿಲ್ಲ, ಉಳಿದ ಇಪ್ಪತ್ತೆರಡು ರಸ್ತೆ ನುಂಗಿದ್ದು. ಭಾವ ಮಾತ್ರ ಗೇಟಿಗೆ ಒರಗಿ ನಿಂತಿದ್ದರು. "ತೊಂಬತ್ತು ಅಂದಿದ್ದೆ." ಹಬ್ಬಕ್ಕೆ ಇನ್ನು ಎರಡೇ ದಿನ. ಬದಲಾಯಿಸೋಕೆ ಒಂದು ಬೋಲ್ಟೂ ಉಳಿದಿರಲಿಲ್ಲ. ಕಾರು ಹತ್ತಿ ವಾಪಸ್ ಹೋದರು. ನಮ್ಮ ಬೀದಿ ತಿರುವಿನ ಹಂಪಿಗೂ ಮಾರ್ಕ್ಸ್ ಕೊಟ್ಟಂತೆ ಕಾಣಲಿಲ್ಲ.

ಅಂದು ಸಂಜೆ ಅಕ್ಕನ ಫೋನು. "ನಾನು ಬರ್ತಾ ಇದೀನಿ ಕಣೋ. ಮೂಟೆಗೆ ಕೈ ಇಲ್ಲ, ನನಗಿದೆ, ಈ ಸಲ ಚೊಂಬು ನಾನೇ ಹಿಡ್ಕೋತೀನಿ, ಇದೇ ಕೊನೇ ಪರೀಕ್ಷೆ ಅಂತ ಹೇಳಿ ಒಪ್ಪಿಸಿದೀನಿ. ತೊಂಬತ್ತು ಬರದಿದ್ರೆ ಮತ್ತೆ ಯಾವತ್ತೂ ಈ ಕಾರು ಹತ್ತಲ್ಲ ಅಂತ ಮಾತು ಕೊಟ್ಟಿದೀನಿ."

ಗೌರಿ ಹಬ್ಬದ ದಿನ ಹನ್ನೊಂದು ಗಂಟೆಗೆ ಬಂದರು. ನಮ್ಮ ಬೀದಿ ಪೈಪಿಗೆ ಅಂತ ಅಗೆದು ಹಾಕಿರುವುದರಿಂದ, ಭಾವ ಅಕ್ಕನನ್ನು ಗೇಟಿನಲ್ಲಿ ಇಳಿಸಿ, "ಚೊಂಬು ಕಟ್ಟೆ ಮೇಲಿಡು, ನಾನು ಬಂದು ನೋಡ್ತೀನಿ" ಅಂತ ಹೇಳಿ ಕಾರು ನಿಲ್ಲಿಸೋಕೆ ಬೀದಿ ಕೊನೆಗೆ ಹೋದರು.

ಅಕ್ಕ ಎರಡು ಕೈಯಲ್ಲೂ ಚೊಂಬು ಹಿಡಿದು ನಿಂತಿದ್ದಳು. ಹಬ್ಬದ ಹಸಿರು ಸೀರೆ ಮಡಿಲಿಂದ ಪಾದದ ತನಕ ಒದ್ದೆ. ಚೊಂಬಿನಲ್ಲಿ ಅರ್ಧ ನೀರಿತ್ತು.

"ಒಂದೊಂದು ಹಂಪಿಗೂ ಎಷ್ಟಿದೆ, ಎಷ್ಟಿದೆ ಅಂತಾರೆ. ತುಂಬಾನೇ ಇದೆ ಕಣ್ರೀ ಅಂದೆ. ರಸ್ತೆ ಮೇಲಿಂದ ಕಣ್ಣು ತೆಗೀಲಿಲ್ಲ ಪಾಪ."

"ಸೊಂಟ ನೋವಾಯ್ತಾ ಅಕ್ಕಾ?"

"ಆಗದೆ ಇರುತ್ತಾ? ಮೊದಲಿನಷ್ಟಿಲ್ಲ. ಬಂದೆನಲ್ಲ, ಬಿಡು." ಅಮ್ಮ ಕೂರುತ್ತಿದ್ದ ಬಾಗಿಲ ಪಕ್ಕದ ಜಗಲಿಯನ್ನು ಒಂದು ಸಲ ಮುಟ್ಟಿ, ಸೀರೆ ಬದಲಾಯಿಸೋಕೆ ಒಳಗೆ ಹೋದಳು.

ಚೊಂಬು ನನ್ನ ಕೈಯಲ್ಲಿ ಉಳಿಯಿತು. ಬೀದಿ ಕೊನೆಯಲ್ಲಿ ಕಾರಿನ ಬಾಗಿಲು ಹಾಕಿದ ಸದ್ದು. ಅಂಗಳದ ನಲ್ಲಿ ತಿರುಗಿಸಿದೆ. ನೂರು ತುಂಬಿಸಿದರೆ ಯಾರೂ ನಂಬಲ್ಲ, ತೊಂಬತ್ತಕ್ಕೇ ಸರಿಯಾಗಿ ನಿಲ್ಲಿಸಿದರೂ ನಂಬಲ್ಲ. ಕೂದಲಳತೆಯ ಕೆಲಸ ನನಗೆ ಹೊಸದಲ್ಲ. ತೊಂಬತ್ತಮೂರಕ್ಕೆ ನಿಲ್ಲಿಸಿ, ಕಟ್ಟೆ ಮೇಲಿಟ್ಟೆ.

ಭಾವ ಬಂದರು. ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಬಿಸಿಲಲ್ಲಿ ನಡೆದು ಬಂದಿದ್ದಕ್ಕೋ ಏನೋ, ತಮ್ಮ ಮನೆಯ ಕಾವೇರಿ ನೀರೇ ಅಂದುಕೊಂಡು ಚೊಂಬೆತ್ತಿ ಒಂದು ಗುಟುಕು ಕುಡಿದುಬಿಟ್ಟರು.

ಅದರಲ್ಲಿ ಅರ್ಧ ನಮ್ಮ ಬೋರ್‌ವೆಲ್‌ನದು. ಹನ್ನೆರಡು ಮಾರ್ಕ್ಸಿನ ನೀರು.

ಗುಟುಕು ಬಾಯಲ್ಲೇ ನಿಂತಿತು. ನನ್ನ ಕೈ ನೋಡಿದರು, ಇನ್ನೂ ತೊಟ್ಟಿಕ್ಕುತ್ತಿದ್ದ ನಲ್ಲಿ ನೋಡಿದರು. ಒಳಗೆ ಅಕ್ಕ ನನ್ನ ಹೆಂಡತಿಗೆ ಮೊರದಲ್ಲಿ ಬಳೆ ಎಲ್ಲಿಡಬೇಕು ಅಂತ ಹೇಳಿಕೊಡುತ್ತಿದ್ದಳು. ಎರಡು ವರ್ಷದಿಂದ ನಮ್ಮ ಮನೆಯಲ್ಲಿ ಕೇಳದ ದನಿ. ಭಾವ ಅದನ್ನು ಕೇಳುತ್ತಾ ನಿಂತರು. ಆಮೇಲೆ ಗುಟುಕು ನುಂಗಿದರು. ಕೆಂಪು ಪೆನ್ನು ತೆಗೆದು ನೋಟ್‌ಬುಕ್ಕಿನಲ್ಲಿ ತೊಂಬತ್ತಮೂರು ಅಂತ ಬರೆದು, ಕೆಳಗೆ ಗೆರೆ ಎಳೆದರು.

ಅಂದು ಏಳನೇ ಕ್ಲಾಸಿನ ಪರೀಕ್ಷೆ ಕೋಣೆಯಲ್ಲಿ ನಾನು ಕಾಪಿ ಹೊಡೆದಿರಲಿಲ್ಲ, ಆಚೆ ಹಾಕಿದರು. ಈಗ ಹೊಡೆದು ಸಿಕ್ಕಿಬಿದ್ದು ಅಂಗಳದಲ್ಲಿ ನಿಂತಿದ್ದೆ.

ಮೇಷ್ಟ್ರು ಪೆನ್ನು ಜೇಬಿಗಿಟ್ಟರು. ನನ್ನ ಹೆಗಲ ಮೇಲೆ ಕೈ ಹಾಕಿ, ನನ್ನ ಮನೆ ಬಾಗಿಲಲ್ಲಿ ನನ್ನನ್ನೇ ಕರೆದರು. "ಬಾರಯ್ಯ, ಒಳಗೆ ಬಾ."