ಮಾವನ ಕಾಯಿಲೆ, ನನ್ನ ಹೆಸರಿನ ಫೈಲು

ಆಸ್ತಿಯನ್ನು ಅಳಿಯನ ಹೆಸರಿಗೆ ಬರೆದುಕೊಟ್ಟ ಮಾವಂದಿರನ್ನು ನೀವು ಕಂಡಿರಬಹುದು. ಕಾಯಿಲೆಯನ್ನು ಬರೆದುಕೊಟ್ಟವರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿರುವುದೇನು, ಅವರ ಮನೆಯಲ್ಲೇ ಇದ್ದೇನೆ! ನನಗೆ ಇಪ್ಪತ್ತನಾಲ್ಕು ವರ್ಷ. ಆದರೆ ತಿರುವನಂತಪುರದ ಪಟ್ಟಂನಲ್ಲಿರುವ ನಮ್ಮ ಡಾಕ್ಟರಮ್ಮನ ಹತ್ತಿರ ನನ್ನ ಹೆಸರಿನ ಫೈಲು ತೆಗೆಸಿ ನೋಡಿ: ಮಂಡಿ ನೋವು, ಎಡ ಭುಜದಲ್ಲಿ ಸೆಳೆತ, ಮೆಟ್ಟಿಲು ಹತ್ತಿದರೆ ಎದೆ ಬಿಗಿತ... ಒಟ್ಟು ಒಂಬತ್ತು ದೂರು. ಅದರಲ್ಲಿ ನನ್ನದು ಒಂದೇ, ನೆಗಡಿ. ಮಿಕ್ಕ ಎಂಟೂ ಐವತ್ತಾರು ವರ್ಷದ ನನ್ನ ಸೋದರಮಾವನ ಕೊಡುಗೆ.

ಮಾವ ಮೈಸೂರಿನವರು. ಇಲ್ಲಿನ ಕೇಂದ್ರ ಸರ್ಕಾರದ ಸಂಸ್ಥೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವ ಇಂಜಿನಿಯರು. ಮೂರು ಸಲ ತಪಾಸಣೆ ಮಾಡದೆ ಒಂದು ಬೋಲ್ಟಿಗೂ ಸಹಿ ಹಾಕುವವರಲ್ಲ. ಮನೆಯಲ್ಲೂ ಅದೇ ಕಟ್ಟುನಿಟ್ಟು. ಕುಕ್ಕರಿನ ಗ್ಯಾಸ್ಕೆಟ್ಟಿಗೆ ತಪಾಸಣೆ, ಸ್ಕೂಟರಿಗೆ ತಪಾಸಣೆ, ಫ್ಯಾನಿಗೂ ತಪಾಸಣೆ. "ನಿಮಗೆ ಯಾವಾಗ ಮಾವ?" ಎಂದು ಕೇಳಿದರೆ, "ಓಡ್ತಿರೋ ಯಂತ್ರಾನ ಸುಮ್ಸುಮ್ನೆ ಬಿಚ್ಚಬಾರದು ಕಣೋ" ಎನ್ನುತ್ತಾರೆ.

ಎಂ.ಎಸ್ಸಿ. ಓದಲೆಂದು ನಾನು ಅವರ ಮನೆಗೆ ಬಂದದ್ದು ಫೆಬ್ರವರಿಯಲ್ಲಿ. ನನಗೆ ಡೈರಿ ಬರೆಯುವ ಚಟ. ಕಂಡದ್ದನ್ನೆಲ್ಲ ತಾರೀಖು ಹಾಕಿ, ಗೀಟು ಎಳೆದು ಎಣಿಸಿಡುತ್ತೇನೆ. ನಮ್ಮದು ಮೂರನೇ ಮಹಡಿ, ಲಿಫ್ಟಿಲ್ಲ. ಫೆಬ್ರವರಿಯಲ್ಲಿ ಮಾವ ಒಂದೇ ಉಸಿರಿಗೆ ಹತ್ತುತ್ತಿದ್ದರು. ಏಪ್ರಿಲ್ ಹೊತ್ತಿಗೆ ಅವರಿಗೆ ಇದ್ದಕ್ಕಿದ್ದಂತೆ ಸಸ್ಯಪ್ರೇಮ ಹುಟ್ಟಿತು! ಎರಡನೇ ಮಹಡಿಯವರ ಮನಿಪ್ಲಾಂಟ್ ಮುಂದೆ ನಿಂತು, ಎದೆಯ ಮೇಲೆ ಕೈಯಿಟ್ಟುಕೊಂಡು, ಎಲೆ ಎಲೆಯನ್ನೂ ನೋಡುವರು. ಜೂನಿನಲ್ಲಿ ಒಂದನೇ ಮಹಡಿಯಲ್ಲೂ ನಿಲ್ಲತೊಡಗಿದರು. ಅಲ್ಲಿ ಗಿಡವೇ ಇರಲಿಲ್ಲ.

"ಇಲ್ಲೇನು ನೋಡ್ತಿದೀರಿ ಮಾವ?"

"ಗೋಡೆ ಬಿರುಕು ಬಿಟ್ಟಿದೆಯಾ ಅಂತ ನೋಡ್ತಿದೀನಿ. ನೀನು ಮುಂದೆ ಹೋಗು."

ಗೋಡೆಗೇನೂ ಆಗಿರಲಿಲ್ಲ.

ಮಾವ ಡಾಕ್ಟರ ಹತ್ತಿರ ಹೋಗುವುದೇ ಇಲ್ಲ ಎಂದಲ್ಲ. ಬಹಳ ಉತ್ಸಾಹದಿಂದ ಹೋಗುತ್ತಾರೆ, ನನ್ನನ್ನು ಕರೆದುಕೊಂಡು! ಡಾಕ್ಟರಮ್ಮ ಸಂಜೆ ಮನೆಯಲ್ಲೇ ರೋಗಿಗಳನ್ನು ನೋಡುತ್ತಾರೆ. ಮಂಗಳೂರಿನಲ್ಲಿ ಓದಿದವರಾದ್ದರಿಂದ ಆ ಕಡೆಯ ಕನ್ನಡ ಬರುತ್ತದೆ. ಮೊದಲ ಸಲ ಹೋದದ್ದು ನನ್ನ ನೆಗಡಿಗೆ.

"ಎಂತ ಆಯ್ತು ಮೋನೇ?" ಎಂದು ಅವರು ಮಲಯಾಳಂನ 'ಮಗನೇ' ಬೆರೆಸಿ ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ, "ನೆಗಡಿ ಡಾಕ್ಟರ್. ಜೊತೆಗೆ ಇವನಿಗೆ ಮೆಟ್ಟಿಲು ಹತ್ತಿದ್ರೆ ಎದೆ ಹಿಡ್ಕೊಂಡ ಹಾಗಾಗತ್ತೆ. ನಿಂತ್ರೆ ಸರಿಹೋಗತ್ತೆ" ಎಂದರು.

"ನನಗಾ?" ಎಂದೆ.

"ಹೇಳ್ಕೊಳಕ್ಕೆ ನಾಚಿಕೆ ಅವನಿಗೆ" ಎಂದು ಮಾವ ನನ್ನ ಕಾಲು ತುಳಿದರು.

ಹೀಗೆ ನಾಲ್ಕು ತಿಂಗಳಲ್ಲಿ ಏಳು ಭೇಟಿ. ನನಗೆ ಮೂರು ಇಸಿಜಿ, ಎರಡು ಸಲ ರಕ್ತ ಪರೀಕ್ಷೆ. ಪ್ರತಿ ಸಲವೂ ಡಾಕ್ಟರಮ್ಮ "ಎಂತ ಸಾ ಇಲ್ಲ, ಗಟ್ಟಿ ಇದ್ದಾನೆ" ಎನ್ನುವರು. ಏನೂ ಇಲ್ಲ ಎಂಬುದಕ್ಕೆ ಅದು ಮಂಗಳೂರ ಮಾತು. ಮಾವನ ಮುಖ ಅರಳುವುದು. ಹೊರಗೆ ಬಂದು ಎರಡು ಪಳಂಪೊರಿ ಕೊಳ್ಳುವರು. ಎಣ್ಣೆ ಸೋರುವ ಆ ನೇಂದ್ರಬಾಳೆಯ ಬಜ್ಜಿ ಎರಡನ್ನೂ ತಾವೇ ತಿನ್ನುವರು. "ನಿಂಗೆ ಎದೆ ನೋವು, ಎಣ್ಣೆ ಪದಾರ್ಥ ಬೇಡ!"

ನಾನಾದರೂ ಏಕೆ ಸುಮ್ಮನಿದ್ದೆ ಎನ್ನುತ್ತೀರಾ? ಗದರಿಸಿ ಕೇಳಿದ್ದೆ. "ನನ್ನದನ್ನ ಕೊಚ್ಚಿ ಡಾಕ್ಟರ್ ನೋಡ್ತಿದಾರಪ್ಪಾ" ಎಂದಿದ್ದರು. ನಂಬುವಂಥ ಮಾತೇ. ಅತ್ತೆಗೆ ಕೊಚ್ಚಿಯಲ್ಲಿ ಬ್ಯಾಂಕಿನ ಕೆಲಸ, ಅಲ್ಲೇ ಪಕ್ಕದ ತ್ರಿಪ್ಪುಣಿತ್ತುರದಲ್ಲಿ ಮನೆ. ಶನಿವಾರ ಬಂತೆಂದರೆ ಮಾವ ರೈಲು ಹತ್ತುತ್ತಾರೆ.

ಜುಲೈ ಆರಂಭದಲ್ಲಿ ಒಮ್ಮೆ ನಾನೂ ಜೊತೆಗೆ ಹೋದೆ. ಭಾನುವಾರ ಮಧ್ಯಾಹ್ನ ಅತ್ತೆ ಹುಳಿ ಬಡಿಸುತ್ತ, "ಎದೆ ಹಿಡ್ಕೊಳತ್ತೆ ಅಂದಿದ್ರಲ್ಲ, ತಿರುವನಂತಪುರದ ಡಾಕ್ಟರು ಏನಂದ್ರು?" ಎಂದರು.

"ಗಟ್ಟಿ ಇದೀನಂತೆ. ಮೂರು ಇಸಿಜಿ ತೆಗೆದ್ರು, ಮೂರೂ ಚೊಕ್ಕ."

ಅನ್ನದ ತುತ್ತು ನನ್ನ ಬಾಯಲ್ಲೇ ನಿಂತಿತು. ಆ ಇಸಿಜಿಗಳು ನನ್ನವು! ಎಡಗೈಯಲ್ಲಿ ಚೀಲದಿಂದ ಡೈರಿ ತೆಗೆದೆ. ಮಾವ ಕಣ್ಣು ಬಿಟ್ಟರು. ಅವರ ಕಾಲು ಮೇಜಿನಡಿ ನನ್ನ ಕಾಲನ್ನು ಹುಡುಕುತ್ತಿತ್ತು. ನಾನು ಕಾಲು ಮೇಲೆತ್ತಿಕೊಂಡು ಓದಿದೆ:

"ತಿರುವನಂತಪುರದಲ್ಲಿ ಮಾವ 'ಕೊಚ್ಚಿಯಲ್ಲಿ ತೋರಿಸ್ದೆ' ಅಂದದ್ದು ಹನ್ನೊಂದು ಸಲ. ಕೊಚ್ಚೀಲಿ ತೋರಿಸಿದ್ದು ಎಷ್ಟು ಸಲ ಅತ್ತೆ?"

"ಒಂದೂ ಇಲ್ಲ."

"ಅಲ್ಲೂ ಒಂದೂ ಇಲ್ಲ. ಆ ಮೂರು ಇಸಿಜಿ ನನ್ನವು" ಎಂದೆ.

ಅತ್ತೆ ಹುಳಿಯ ಸೌಟನ್ನು ಕೆಳಗಿಟ್ಟರು. ಕೂಗಾಡಲಿಲ್ಲ. "ನಾಳೆ ಸಂಜೆ ನಾನೂ ಬರ್ತೀನಿ. ರಜಾ ಹಾಕಿದೀನಿ ಅಂತ್ಲೇ ಅನ್ಕೊಳಿ" ಎಂದರು.

"ನೀನ್ಯಾಕೆ? ಇವನಿದಾನಲ್ಲ, ಹೋಗ್ತೀವಿ" ಎಂದು ಮಾವ ಮೆತ್ತಗಾದರು. ಸೋಮವಾರ ಸಂಜೆ ಹೋಗುವುದೆಂದೂ, ನಾನು ಡಾಕ್ಟರಮ್ಮನ ಮನೆಯೊಳಗಿನಿಂದಲೇ ಅತ್ತೆಗೆ ಫೋನ್ ಮಾಡಬೇಕೆಂದೂ ತೀರ್ಮಾನವಾಯಿತು.

ಸೋಮವಾರ ಡಾಕ್ಟರಮ್ಮನ ಮುಂದೆ ಕೂತಾಗ ಮಾವ ಹಳೆಯ ಚಾಳಿ ಬಿಡಲಿಲ್ಲ. "ಇವನಿಗೆ ಈಗ ಒಂದೇ ಮಹಡಿಗೆ..." ಎಂದು ಶುರು ಮಾಡಿದರು.

ಡಾಕ್ಟರಮ್ಮ ನನ್ನ ಫೈಲನ್ನು ಮುಚ್ಚಿಟ್ಟರು. "ಸಾಕು ಸಾರೇ. ಈ ಹುಡುಗನ ಎದೆ ನೋವು ಯಾರ ಎದೆಯಲ್ಲಿ ಉಂಟು ಅಂತ ನನಗೆ ಡೌಟು ಬಂದು ಒಂದು ತಿಂಗಳಾಯ್ತು. ನೀವೇ ಹೇಳ್ತೀರಿ ಅಂತ ಕಾದೆ, ಕಾದದ್ದು ನನ್ನದೇ ತಪ್ಪು. ಈಗ ನೀವು ಮಲಗಿ."

"ನಾನಾ?"

"ಹೇಳ್ಕೊಳಕ್ಕೆ ನಾಚಿಕೆ ಅವರಿಗೆ" ಎಂದೆ ನಾನು. ನಾಲ್ಕು ತಿಂಗಳ ಸೇಡು!

ಮಾವ ಮಲಗಿದರು. ಡಾಕ್ಟರಮ್ಮ ಅವರ ಎದೆಗೆ ತಂತಿಗಳನ್ನು ಅಂಟಿಸಿದರು. ಯಂತ್ರ ಸದ್ದು ಮಾಡುತ್ತ ಕಾಗದವನ್ನು ಹೊರಗೆ ಬಿಟ್ಟಿತು. ಡಾಕ್ಟರಮ್ಮ ಅದನ್ನು ಎರಡು ಸಲ ನೋಡಿದರು. ಈ ಸಲ "ಎಂತ ಸಾ ಇಲ್ಲ" ಎನ್ನಲಿಲ್ಲ. ಹೃದಯದ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿ, ಒಂದು ಚೀಟಿ ಬರೆದುಕೊಟ್ಟು, "ಈಗಲೇ ಆಸ್ಪತ್ರೆಗೆ ಹೋಗಿ. ಮನೆಗೆ ಹೋಗಿ ಆಮೇಲೆ ಅಂತ ಬೇಡ. ಹೆದರ್ಬೇಡಿ, ಸಮಯಕ್ಕೆ ಬಂದಿದ್ದೀರಿ" ಎಂದರು. ನಾನು ಅತ್ತೆಗೆ ಫೋನ್ ಮಾಡಿದೆ. ಮುಂದಿನ ರೈಲಿಗೇ ಹೊರಡುತ್ತೇನೆಂದರು.

ಗೇಟಿನ ಹೊರಗೆ ಆಟೋಗೆ ಕೈ ತೋರಿಸುತ್ತ ನಿಂತಿದ್ದೆವು. ನನಗೆ ಸಿಟ್ಟು ತಡೆಯಲಾಗಲಿಲ್ಲ. "ನನ್ನ ಹೆಸರಲ್ಲಿ ಕೇಳಿದ್ರೆ ನಿಮಗೇನು ಗೊತ್ತಾಗತ್ತೆ ಮಾವ? ಅಷ್ಟೂ ಬುದ್ಧಿ ಬೇಡ್ವಾ?"

ಮಾವ ರಸ್ತೆಯನ್ನೇ ನೋಡುತ್ತಿದ್ದರು. "ನಿನ್ನ ಹೆಸರಲ್ಲಿ ಕೇಳಿದ್ರೆ ಅವರು ಏನೂ ಇಲ್ಲ ಅಂತಾರೆ ಕಣೋ. ಅದನ್ನ ಕಿವಿಯಾರೆ ಕೇಳಿಸ್ಕೊಂಡ್ರೆ ಎರಡು ವಾರ ನಿದ್ದೆ ಬರ್ತಿತ್ತು" ಎಂದರು.

ಗಾಬರಿಯಲ್ಲಿ ಅವರು ಶರ್ಟಿನ ಗುಂಡಿಗಳನ್ನು ಒಂದು ಕಾಜು ತಪ್ಪಿಸಿ ಹಾಕಿಕೊಂಡಿದ್ದರು. ಒಂದು ಬದಿ ಮೇಲೆ, ಒಂದು ಬದಿ ಕೆಳಗೆ. ನಾನು ಎದುರಿಗೆ ನಿಂತು ಒಂದೊಂದಾಗಿ ಬಿಚ್ಚಿ ಸರಿಯಾಗಿ ಹಾಕತೊಡಗಿದೆ. ಆಟೋ ಬಂದು ನಿಂತಿತು. ಮೇಲಿನ ಗುಂಡಿ ಇನ್ನೂ ಬಾಕಿ ಇತ್ತು. ಮಾವ ನನ್ನ ಕೈಗೆ ಅನುಕೂಲವಾಗಲೆಂದು ಗದ್ದವನ್ನು ಸ್ವಲ್ಪ ಮೇಲೆತ್ತಿ ನಿಂತರು.