ಬೋಳುಗಾಡಿಗೆ ಮೂರು ದೇವರು

ಸಾಮಾನು ಸಾಗಿಸುವ ಗಾಡಿಗೆ ಬಾಡಿ ಕಟ್ಟಿಸುವುದು ದೊಡ್ಡ ಬ್ರಹ್ಮವಿದ್ಯೆ ಎಂದು ನಮ್ಮ ಪಾಂಡವಪುರದ ಕಡೆ ಜನ ತಿಳಿದಿದ್ದಾರೆ. ಪಾಪ, ಅವರ ಬುದ್ಧಿ ಅಷ್ಟೇ! ನಾನು ಇಡೀ ಸರ್ವೀಸು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಕಮಲದ ಹೂವು, ಹಿತ್ತಾಳೆ ಚೊಂಬು, ಎಡಗಡೆಯಿಂದ ಕಂಡ ಕುರ್ಚಿ, ಬಲಗಡೆಯಿಂದ ಕಂಡ ಅದೇ ಕುರ್ಚಿ, ಎಲ್ಲವನ್ನೂ ಸ್ಕೇಲು ಹಿಡಿಸಿ ಬರೆಸಿದವನು. ನಾಲ್ಕು ಚಕ್ರದ ಮೇಲೆ ಒಂದು ಹಲಗೆ ಕೂರಿಸುವುದು ನನಗೊಂದು ಲೆಕ್ಕವೇ?

ಗಾಡಿ ಬೇಕಾಗಿದ್ದು ಯಂತ್ರ ಸಾಗಿಸಲು. ನಿವೃತ್ತನಾದ ಮೇಲೆ ಭತ್ತದ ನಾಟಿ ಯಂತ್ರವೊಂದನ್ನು ಕೊಂಡಿದ್ದೆ. ಊರೂರಿಗೆ ಒಯ್ದು ಬಾಡಿಗೆಗೆ ನಾಟಿ ಮಾಡಿಕೊಡುವ ಘನ ಯೋಜನೆ. ಮುಂದೆ ಕೂತು ಓಡಿಸಲು ಸೀಟು, ಹಿಂದೆ ಪೈರು ಇಡಲು ಅಗಲವಾದ ತಟ್ಟೆ. ಆ ತಟ್ಟೆ ಪಿಕಪ್ ಗಾಡಿಗಿಂತ ಅಗಲ. ಎರಡೂ ಕಡೆ ಒಂದೊಂದು ಗೇಣು ಹೊರಗೆ ಚಾಚಿಕೊಳ್ಳುತ್ತದೆ. ಮಡಚಲು ಬರುವುದಿಲ್ಲ, ಬಿಚ್ಚಿದರೆ ಜೋಡಿಸಲು ಮೈಸೂರಿನಿಂದ ಮೆಕ್ಯಾನಿಕ್ಕೇ ಬರಬೇಕು. ಆದ್ದರಿಂದ ಗಾಡಿಗೆ ಪಕ್ಕದ ಹಲಗೆಗಳೇ ಇರಕೂಡದು, ರೊಟ್ಟಿ ಹೆಂಚಿನ ಹಾಗೆ ಚಪ್ಪಟೆಯಾಗಿರಬೇಕು. ಇದನ್ನು ಕಂಡುಹಿಡಿದವನು ನಾನೇ! ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ನನಗೆ ಉಗಿಯಲು ಅನುಕೂಲವಾಗುತ್ತದೆ.

ಮೊದಲ ನಾಟಿ ಕೆ.ಆರ್. ಪೇಟೆ ಕಡೆಯ ನನ್ನ ಭಾಮೈದ ನಿಂಗರಾಜುವಿನ ಗದ್ದೆಯಲ್ಲಿ ಎಂದು ಮಾತಾಗಿತ್ತು. ಅವನು ನನ್ನನ್ನು ನಂಬಿ ಪೈರನ್ನು ಟ್ರೇಗಳಲ್ಲಿ ಬೆಳೆಸಿದ್ದ. ಆ ಪೈರು ಚಾಪೆಯಂತೆ ಒತ್ತಾಗಿ, ಗಿಡ್ಡಕ್ಕೆ ಬರುತ್ತದೆ. ಕೈಯಲ್ಲಿ ನೆಡಿ ಎಂದರೆ ಯಾವ ಹೆಣ್ಣಾಳೂ ಗದ್ದೆಗೆ ಇಳಿಯುವುದಿಲ್ಲ. ಸಮಯಕ್ಕೆ ಯಂತ್ರ ಬಾರದಿದ್ದರೆ ಪೈರು ಬಲಿತು ದನದ ಬಾಯಿಗೇ ಸೈ.

"ಭಾವ, ಎಲ್ರೂ ಕೈನಾಟಿಗೆ ಒಟ್ಲುಪಾತಿ ಆಕವ್ರೆ. ನಾನೊಬ್ನೇ ನಿಮ್ಮನ್ನ ನಂಬ್ಕೊಂಡು ಟ್ರೇ ಮಾಡಿವ್ನಿ" ಎಂದು ಫೋನಿನಲ್ಲಿ ಹೇಳಿದ.

"ನಿಶ್ಚಿಂತೆಯಾಗಿರಪ್ಪ" ಎಂದೆ. ನನ್ನ ಹೆಂಡತಿ ಭಾಗ್ಯ ಅಂದೇ ತವರಿನವರಿಗೆಲ್ಲ ಫೋನು ಮಾಡಿ, ನಮ್ಮೆಜಮಾನ್ರು ಸ್ವಂತ ಗಾಡೀಲಿ ಯಂತ್ರ ತರ್ತಾವ್ರೆ ಎಂದು ಸಾರಿಬಿಟ್ಟಳು.

ನಾಗಮಂಗಲದಲ್ಲಿ ಹಳೇ ಗಾಡಿ ಮಾರುವ ದಲ್ಲಾಳಿ ಮೂರು ಪಿಕಪ್ ತೋರಿಸಿದ. ಒಂದನ್ನು ಡಾಕ್ಟರು ಓಡಿಸುತ್ತಿದ್ದರು ಎಂದ; ಹಿಂದೆ ನೋಡಿದರೆ ಒಣಗಿದ ಕೋಸಿನ ಎಲೆ. ಯಾವ ಡಾಕ್ಟರು ಕೋಸು ತುಂಬಿಕೊಂಡು ಆಸ್ಪತ್ರೆಗೆ ಹೋಗುತ್ತಾನೋ! ಇನ್ನೊಂದರ ಬಾಗಿಲು ತೆಗೆದರೆ ಕೈಗೇ ಬಂತು. ಮೂರನೆಯದರ ಟೈರಿಗೆ ಎರಡು ಸಲ ಒದ್ದು, ಏನೋ ಅರ್ಥವಾದವನ ಹಾಗೆ ತಲೆಯಾಡಿಸಿ ಅದನ್ನೇ ಕೊಂಡೆ. ಹಿಂದಿನ ಬಾಡಿ ತುಕ್ಕು ಹಿಡಿದು ಉದುರಿಹೋಗಿತ್ತು. ಚಪ್ಪಟೆ ಗಾಡಿ ಬೇಕಾದವನಿಗೆ ಅದಕ್ಕಿಂತ ಭಾಗ್ಯ ಬೇರೆ ಬೇಕೆ?

ಗಾಡಿಯನ್ನು ಶ್ರೀರಂಗಪಟ್ಟಣದ ಮುನೀರ್ ಭಾಯ್ ಶೆಡ್ಡಿಗೆ ಬಿಟ್ಟೆ. ಲಾರಿ ಬಾಡಿ ಕಟ್ಟುವುದರಲ್ಲಿ ಹೆಸರಾದ ಮನುಷ್ಯ. ಅವರಲ್ಲಿ ಒಂದೇ ಒಂದು ದೋಷ: ಗಿರಾಕಿ ಏನು ಕೇಳಿದರೂ ಇಲ್ಲ ಎನ್ನುವುದಿಲ್ಲ. ನಾನು ಬರೆದ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಕ್ಯಾ ಬಾತ್ ಮೇಷ್ಟ್ರೇ! ಫಸ್ಟ್ ಕ್ಲಾಸು. ಮಾಡ್ಬುಡೋಣ" ಎಂದರು. ಹೀಗೆ ನನ್ನ ಗಾಡಿ ಚಪ್ಪಟೆಯಾಗಿ, ಸುಂದರವಾಗಿ, ಸರಿಯಾಗಿ ಸಿದ್ಧವಾಯಿತು. ಅಂದೇ ಮನೆಗೆ ತಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಾನು ಹೆಂಡತಿಗೂ ಪಕ್ಕದ ಮನೆಯ ಬೋರೇಗೌಡನಿಗೂ ತೋರಿಸಲು ಅವರನ್ನು ಶೆಡ್ಡಿಗೆ ಕರೆದುಕೊಂಡು ಹೋದೆ. ಹೊಗಳಿಸಿಕೊಳ್ಳುವ ಚಟ!

ಬೋರೇಗೌಡ ಗಾಡಿಯನ್ನು ಒಂದು ಸುತ್ತು ಹಾಕಿದ. "ಏನ್ ಮೇಷ್ಟ್ರೇ, ಇಂಗ್ ಬೋಳಾಗೈತೆ? ಬಟ್ಟೆ ಬಿಚ್ಚಿ ನಿಲ್ಸಿದಂಗದೆ. ಒಂದ್ ದೇವ್ರ ಎಸ್ರೂ ಇಲ್ವಲ್ಲ?"

"ಕ್ಯಾಬಿನ್ ಮೇಲೆ ನಮ್ಮ ಮನೆದೇವರು ಚಲುವರಾಯಸ್ವಾಮಿ ಹೆಸರು ಬರೆಸಿದ್ದೇನಲ್ಲ" ಎಂದೆ.

"ನಿಮ್ ಮನೆದೇವ್ರಾಯ್ತು. ನಮ್ಮನೆ ದೇವ್ರು?" ಎಂದಳು ಭಾಗ್ಯ. "ಮೊದ್ಲು ಓಗ್ತಿರೋದೇ ನನ್ ತಮ್ಮನ ಗದ್ದೆಗೆ. ಭೈರವನ ಎಸ್ರಿಲ್ದೆ ಅಲ್ಲಿಗೆ ಯಾವ್ ಮೊಕ ಇಟ್ಕೊಂಡ್ ಓಗ್ಲಿ?"

"ಗಾಡಿ ನಿಲ್ಲೋದು ನಮ್ಮೂರಲ್ಲಿ" ಎಂದು ಬೋರೇಗೌಡ ಗಂಟಲು ಸರಿಮಾಡಿಕೊಂಡ. "ಮಾರಮ್ಮನ್ನ ಬುಟ್ಟು ಬ್ಯಾರೆ ಇಬ್ರ ಎಸ್ರು ಬರ್ಸುದ್ರೆ ಊರ್ನೋರು ಏನಂದಾರು?"

ಬರೆಯಲು ಜಾಗವೇ ಇರಲಿಲ್ಲ. ಚಪ್ಪಟೆ ಗಾಡಿಗೆ ಪಕ್ಕ ಎಲ್ಲಿಂದ ಬರಬೇಕು? ಆಗ ಮುನೀರ್ ಭಾಯ್, "ಅದಕ್ಕೇನ್ ಮೇಷ್ಟ್ರೇ, ಎರಡ್ ಕಡೆ ಹಲಗೆ ಕಟ್ಬುಟ್ರೆ ಎರಡ್ ದೇವ್ರೂ ಬರ್ತಾರೆ. ಮಾಡ್ಬುಡೋಣ" ಎಂದರು.

ನನ್ನ ತಲೆ ಅಷ್ಟರಮಟ್ಟಿಗೆ ಇನ್ನೂ ಕೆಲಸ ಮಾಡುತ್ತಿತ್ತು. "ಹಲಗೆಗೆ ಕೀಲು ಹಾಕಿ. ಯಂತ್ರ ಹತ್ತಿಸುವಾಗ ಕೆಳಗೆ ಇಳಿಬಿಡಬಹುದು" ಎಂದೆ.

ಭಾಗ್ಯ ಎರಡೂ ಕೈ ಕೆನ್ನೆಗೆ ಇಟ್ಟುಕೊಂಡಳು. "ರೀ! ಅಲಗೆ ಇಳಿಬುಟ್ರೆ ದೇವ್ರ ಎಸ್ರು ತಲೆಕೆಳಗಾಗಕಿಲ್ವಾ?"

ಎಲ್ಲರೂ ನನ್ನನ್ನು ನಾಸ್ತಿಕನನ್ನು ನೋಡುವ ಹಾಗೆ ನೋಡಿದರು. ಆಗ ನಾನು ಏನು ಮಾಡಬೇಕಿತ್ತು? ನಕ್ಷೆ ತೆಗೆದು, ಗೇಣು ತೋರಿಸಿ, ಎಲ್ಲರ ಬಾಯಿ ಮುಚ್ಚಿಸಬೇಕಿತ್ತು. ಏನು ಮಾಡಿದೆ? ಅಕ್ಷರಗಳನ್ನು ನಾನೇ ಬರೆಯುತ್ತೇನೆ ಎಂದೆ! ಬಣ್ಣದ ಡಬ್ಬಿ ಕಂಡ ಡ್ರಾಯಿಂಗ್ ಮೇಷ್ಟ್ರಿಗೆ ಅಳತೆ ಎಲ್ಲಿ ನೆನಪಿರುತ್ತದೆ? ಮುನೀರ್ ಭಾಯ್ ಹಲಗೆಗಳನ್ನು ಕಬ್ಬಿಣದ ಚೌಕಟ್ಟಿಗೆ ಸೇರಿಸಿ ಭದ್ರವಾಗಿ ಬೆಸುಗೆ ಹಾಕಿದರು. ನಾನು ಎಡಕ್ಕೆ ಮಾರಮ್ಮ, ಬಲಕ್ಕೆ ಭೈರವ ಎಂದು ಹಳದಿಯಲ್ಲಿ ಬರೆದು, ಕೆಂಪಿನಲ್ಲಿ ನೆರಳು ಕೊಟ್ಟು, ಸುತ್ತ ಬಳ್ಳಿ ಎಳೆದೆ. ಯಂತ್ರದ ವಿಷಯ ಒಂದು ಗಳಿಗೆಯೂ ತಲೆಗೆ ಬರಲಿಲ್ಲ. ದೊಡ್ಡ ಕಲಾವಿದ!

ಗಾಡಿ ಊರಿಗೆ ಬಂದ ಸಂಜೆ ಮಂಗಳಾರತಿಯಾಯಿತು. ಚಕ್ರದಡಿ ನಿಂಬೆಹಣ್ಣು ಪಚಕ್ಕೆಂದಿತು. ಅಷ್ಟರಲ್ಲಿ ನಿಂಗರಾಜುವಿನ ಫೋನು: "ಭಾವ, ನಾಲೆ ನೀರು ಬಂದೈತೆ. ಗದ್ದೆ ಅದವಾಗೈತೆ. ಪೈರು ಆಗ್ಲೇ ಬಲೀತಾ ಐತೆ, ನಾಳೆ ಬಂದ್ಬುಡಿ."

ಬೆಳಗ್ಗೆ ಅರ್ಧ ಊರು ನಮ್ಮ ಮನೆ ಮುಂದೆ ಸೇರಿತ್ತು. ಎರಡು ಕಬ್ಬಿಣದ ಪಟ್ಟಿ ಇಳಿಜಾರಾಗಿ ಇಟ್ಟು ಗಂಭೀರವಾಗಿ ಯಂತ್ರ ಹತ್ತಿಸಿದೆ. ಮುಂದಿನ ಚಕ್ರ ಹತ್ತಿತು. ಹಿಂದಿನ ಚಕ್ರವೂ ಹತ್ತುತ್ತಿತ್ತು. ಢಣ್! ತಟ್ಟೆಯ ಒಂದು ತುದಿ ಮಾರಮ್ಮನ ಹಲಗೆಗೆ, ಇನ್ನೊಂದು ತುದಿ ಭೈರವನ ಹಲಗೆಗೆ ತಾಗಿ ನಿಂತಿತು. ಅರ್ಧ ಯಂತ್ರ ಗಾಡಿಯ ಮೇಲೆ, ಅರ್ಧ ಯಂತ್ರ ಬೀದಿಯ ಮೇಲೆ, ನಡುವೆ ಆಕಾಶ ನೋಡುತ್ತಾ ನಾನು.

"ಇನ್ನೊಸಿ ಜೋರಾಗ್ ಕೊಡಿ ಮೇಷ್ಟ್ರೇ!" ಎಂದು ಯಾರೋ ಕೂಗಿದರು. ಕೊಡಲು ನನಗೇನು ಹುಚ್ಚೆ? ಕೊಟ್ಟೆ. ಮಾರಮ್ಮನ ಬಳ್ಳಿಯ ಮೇಲೆ ಒಂದು ಗೀರು ಬಿತ್ತು. ನೆರೆದವರೆಲ್ಲ ಅಯ್ಯೋ ಎಂದು ಕೈಮುಗಿದರು. ನನಗಲ್ಲ, ಹಲಗೆಗೆ.

ಯಂತ್ರವನ್ನು ಇಳಿಸಿ, ಗಾಡಿಯನ್ನು ಶ್ರೀರಂಗಪಟ್ಟಣಕ್ಕೆ ಓಡಿಸಿಕೊಂಡು ಹೋದೆ. "ಮುನೀರ್ ಭಾಯ್, ಹಲಗೆ ಕತ್ತರಿಸಿಬಿಡಿ" ಎಂದೆ. ಜೀವಮಾನದಲ್ಲೇ ಮೊದಲ ಸಲ ಅವರ ಬಾಯಿಂದ ಇಲ್ಲ ಎಂಬ ಮಾತು ಬಂತು.

"ತೌಬಾ ತೌಬಾ! ದೇವ್ರ ಹೆಸ್ರ ಮೇಲೆ ನಾನ್ ಕಟರ್ ಇಡಾಕಿಲ್ಲ ಮೇಷ್ಟ್ರೇ. ಪೂಜೆ ಬೇರೆ ಆಗೈತೆ. ಮಿಷಿನ್ ಕೊಡ್ತೀನಿ, ನೀವೇ ಕುಯ್ಕೊಳ್ಳಿ."

ಕಟರನ್ನು ಕೈಗೆ ತೆಗೆದುಕೊಂಡೆ. ಮೂಢನಂಬಿಕೆಯ ವಿರುದ್ಧ ಶಾಲೆಯಲ್ಲಿ ವರ್ಷವರ್ಷವೂ ಭಾಷಣ ಬಿಗಿದ ಈ ಮಹಾಶಯ ಭೈರವನ ಮುಂದೆ ನಿಂತು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ನೋಡಿ, ಕಟರನ್ನು ಕೆಳಗಿಟ್ಟು ಮನೆಗೆ ಬಂದ.

ಬೀದಿಯಲ್ಲಿ ಬೋರೇಗೌಡ ಕಾಯುತ್ತಿದ್ದ. "ನಮ್ ಟ್ರಾಕ್ಟರ್ ಟ್ರೈಲರು ಖಾಲಿ ನಿಂತದೆ. ಅಲಗೆ ಬಿಚ್ಚುದ್ರೆ ಬೋಳಾಯ್ತದೆ. ತಕೊಂಡೋಗಿ."

ಗಾಡಿ ಬೋಳು ಎಂದು ಕೆಡಿಸಿದವನೇ ಬೋಳು ಟ್ರೈಲರು ಕೊಡುತ್ತಾನಂತೆ! ನನಗೆ ಮೈಯೆಲ್ಲ ಉರಿಯಿತು. "ಬೇಡಪ್ಪ. ಯಂತ್ರಕ್ಕೇ ಚಕ್ರ ಇದೆ. ಓಡಿಸಿಕೊಂಡು ಹೋಗ್ತೀನಿ" ಎಂದೆ.

ಪಾಂಡವಪುರದಿಂದ ಕೆ.ಆರ್. ಪೇಟೆ ರಸ್ತೆಯಲ್ಲಿ ನಾಟಿ ಯಂತ್ರವನ್ನು ಓಡಿಸಿದವರು ಬೇರೆ ಯಾರಾದರೂ ಇದ್ದರೆ ಬಂದು ನನ್ನನ್ನು ತಬ್ಬಿಕೊಳ್ಳಲಿ. ಕೆಸರಲ್ಲಿ ನಡೆಯಲು ಹುಟ್ಟಿದ ಆ ಪ್ರಾಣಿ ಟಾರು ರಸ್ತೆಯಲ್ಲಿ ಗಡಗಡ ನಡುಗುತ್ತಿತ್ತು. ಅದಕ್ಕಿಂತ ಹೆಚ್ಚು ನಾನು ನಡುಗುತ್ತಿದ್ದೆ. ಮೇವಿನ ಹೊರೆ ಹೊತ್ತ ಮುದುಕಿಯೊಬ್ಬಳು ನನ್ನನ್ನು ಹಿಂದೆ ಹಾಕಿ ಹೋದಳು. ತವರಿನವರಿಗೆ ಭೈರವನ ಹೆಸರು ತೋರಿಸಲೇಬೇಕೆಂದು ಹಿಂದೆ ಖಾಲಿ ಗಾಡಿಯಲ್ಲಿ ಭಾಗ್ಯ. ನನಗಿಂತ ಮೊದಲೇ ಲೈಸೆನ್ಸು ಮಾಡಿಸಿದವಳು. ಹಾರ್ನು ಒತ್ತಲು ಕೈ ಬಲು ಧಾರಾಳ.

ದಾರಿಯುದ್ದಕ್ಕೂ ಒಂದೇ ಪ್ರಶ್ನೆ. "ಯಾಕ್ ಸಾ, ಇಂದ್ಗಡೆ ಗಾಡಿ ಖಾಲಿ ಬತ್ತಾ ಐತಲ್ಲ, ಅದ್ರ ಮ್ಯಾಕೆ ಆಕ್ಕೊಬಾರ್ದಾ?"

ಮೊದಲನೆಯವನಿಗೆ ಟೆಸ್ಟಿಂಗು ಎಂದೆ. ಎರಡನೆಯವನಿಗೆ ಹರಕೆ ಎಂದೆ. ಟೀ ಅಂಗಡಿಯ ಮುಂದೆ ಕೇಳಿದವನಿಗೆ, "ನಿನ್ ಕೆಲ್ಸ ನೋಡ್ಕೊಳ್ಲಾ!" ಎಂದೆ. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು. ಎತ್ತೋಣವೆಂದರೆ ಎರಡೂ ಕೈ ಸ್ಟಿಯರಿಂಗಿಗೆ ಅಂಟಿಕೊಂಡಿದ್ದವು.

ನಿಂಗರಾಜುವಿನ ಗದ್ದೆ ತಲುಪುವಾಗ ಹೊತ್ತು ಇಳಿದಿತ್ತು. ಗದ್ದೆಯ ತುಂಬ ಪೈರು ಸಾಲುಸಾಲಾಗಿ ನಿಂತಿತ್ತು. ನಾಟಿ ಮುಗಿದೇಹೋಗಿತ್ತು!

"ನೀವೂ ಫೋನ್ ಎತ್ನಿಲ್ಲ, ಅಕ್ಕನೂ ಎತ್ನಿಲ್ವಲ್ಲ ಭಾವ" ಎಂದ ನಿಂಗರಾಜು. "ಕಾದು ಕಾದು, ಪಕ್ಕದೂರಿಂದ ಬಾಡ್ಗೆ ಯಂತ್ರ ತರಿಸ್ಬುಟ್ಟೆ."

"ಯಾವ ಗಾಡಿಯಲ್ಲಿ ತಂದರು?" ಕೇಳಬಾರದಿತ್ತು. ಕೇಳಿದೆ.

"ಹಳೇ ಟ್ರೈಲರ್ನಾಗೆ. ಅಲಗೆ ಬಿಚ್ಚಾಕಿ ಅಗ್ಗ ಬಿಗ್ದಿದ್ರು, ಅಷ್ಟೇಯ."

ಭಾಗ್ಯ ಗಾಡಿಯಿಂದ ಇಳಿದು ತಮ್ಮನ ಮುಖ ನೋಡಿದಳು, ಆಮೇಲೆ ನನ್ನ ಮುಖ. ನಮ್ಮ ಯಂತ್ರ, ನಮ್ಮ ಗಾಡಿ ಎಂದು ತವರಿಗೆಲ್ಲ ಸಾರಿದ್ದವಳು. ನನಗೆ ನಿಜವಾಗಿ ನಾಚಿಕೆಯಾಯಿತು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಿಂಗರಾಜು ಚಪ್ಪಲಿ ಬಿಟ್ಟು ಗಾಡಿಯ ಬಲಕ್ಕೆ ಹೋದ. ಭೈರವನ ಹೆಸರಿಗೆ ಹಣೆ ಮುಟ್ಟಿಸಿ, "ಅಕ್ಸರ ಬಲು ಚೆಂದಾಗ್ ಬಂದವೆ" ಎಂದ. ಆಮೇಲೆ ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ ಹೇಳಿದ: "ಉಂಡ್ಬುಟ್ಟು ಓಗಿ ಭಾವ. ಯಂತ್ರ ಇಲ್ಲೇ ಬುಟ್ಟೋಗಿ. ಮುಂದ್ಲ ಬೆಳೆಗಾದ್ರೂ ಟೈಮಿಗ್ ಸರ್ಯಾಗ್ ಇರ್ತದೆ."

ಬಿಟ್ಟು ಬಂದೆ. ಬೇರೆ ದಾರಿ ಏನಿತ್ತು? ಈಗ ನನ್ನ ಯಂತ್ರ ಕೆ.ಆರ್. ಪೇಟೆ ಕಡೆ ನಿಂಗರಾಜುವಿನ ಕೈಯಲ್ಲಿ ಚೆನ್ನಾಗಿ ದುಡಿಯುತ್ತಿದೆ. ಗಾಡಿಯನ್ನು ಭಾಗ್ಯ ತರಕಾರಿ ಬಾಡಿಗೆಗೆ ಓಡಿಸುತ್ತಾಳೆ; ನನ್ನ ಕೈಗೆ ಕೀಲಿ ಕೊಡುವುದಿಲ್ಲ. ಯಂತ್ರ ನೋಡಬೇಕೆನಿಸಿದಾಗ ನಾನು ಬಸ್ಸು ಹತ್ತುತ್ತೇನೆ. "ಭಾಮೈದನ ಮನೆಗಾ ಮೇಷ್ಟ್ರೇ?" ಎಂದು ಕಂಡಕ್ಟರು ಕೇಳುತ್ತಾನೆ. ಹೌದಪ್ಪ ಎಂದು ಕಿಟಕಿಯಾಚೆ ನೋಡುತ್ತೇನೆ. ಸ್ವಂತ ಯಂತ್ರ, ಸ್ವಂತ ಗಾಡಿ ಎರಡೂ ಇರುವ ಮನುಷ್ಯ, ಯಂತ್ರ ನೋಡಲು ಟಿಕೆಟ್ ತೆಗೆದುಕೊಂಡು ಹೋಗುತ್ತಿದ್ದೇನೆ ಎಂದು ಯಾವ ಬಾಯಲ್ಲಿ ಹೇಳಲಿ?